ಕತ್ತರಿ ತಾಗದ ಪಂಚೆ

ಈ ಪ್ರದರ್ಶನದಲ್ಲಿ ಕೈಮಗ್ಗದ ಬಗ್ಗೆ ಮಾತಾಡಿ ಅಂದರು. ಇಳಕಲ್ಲು, ಮೊಳಕಾಲ್ಮೂರು ಸೀರೆಗಳ ವಿಷಯ ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಪುರೋಹಿತರ ಮನೆಯಲ್ಲಿ ಬೆಳೆದ ನಾನು ಬಲ್ಲದ್ದು ಪಂಚೆಯೊಂದನ್ನೇ.

ಉಪನಯನದ ವಟು ಏನು ಉಡಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ಹೇಳುತ್ತದೆ: ಬ್ರಾಹ್ಮಣನಿಗೆ ಕಾಷಾಯ, ಕ್ಷತ್ರಿಯನಿಗೆ ಮಂಜಿಷ್ಠೆಯ ಕೆಂಪು, ವೈಶ್ಯನಿಗೆ ಅರಿಶಿನ. ಪಟ್ಟೆಮಡಿಯಿಲ್ಲದೆ ಶಾಸ್ತ್ರವೇ ಇಲ್ಲ ಅನ್ನುತ್ತೇವಲ್ಲ, ಆ ಜಾಗದಲ್ಲಿ ರೇಷ್ಮೆಯ ಸುದ್ದಿಯೇ ಇಲ್ಲ. ಕರ್ಮಕ್ಕೆ ಉಡುವ ಅಹತವಸ್ತ್ರಕ್ಕೆ ಸ್ಮೃತಿಕಾರರು ಕೊಟ್ಟ ಲಕ್ಷಣ ಇಷ್ಟು: ಹೊಸದಾಗಿರಬೇಕು, ಬಿಳಿಯದಾಗಿರಬೇಕು, ಹಗುರಾಗಿ ಜಾಲಿಸಿರಬೇಕು, ಯಾರೂ ಉಟ್ಟಿರಬಾರದು, ತುದಿಯಲ್ಲಿ ದಶೆ ಇರಬೇಕು. ಮಗ್ಗದಿಂದ ಇಳಿಸಿದಾಗ ಕೊನೆಯಲ್ಲಿ ಜೋತಾಡುವ ಹಾಸಿನ ಎಳೆಗಳೇ ದಶೆ. ಅವು ಇದ್ದರೆ ಬಟ್ಟೆ ಇಡಿಯಾಗಿದೆ, ಕತ್ತರಿ ತಾಗಿಲ್ಲ ಎಂದರ್ಥ.

ನನ್ನ ಮುಂಜಿಗೆ ಅಪ್ಪ ನೇಕಾರರ ಓಣಿಯಿಂದ ಜೋಡಿ ಪಂಚೆ ತಂದಾಗ ಮನೆಯಲ್ಲಿ ದೊಡ್ಡ ಜಗಳ. ನೂಲಿಗೆ ಹಾಕಿದ್ದು ಅನ್ನದ ಗಂಜಿ, ಅದು ಮುಸುರೆ ಅಂತ ಅಜ್ಜಿ. ಹೊಸ ಬಟ್ಟೆಗೆ ನೀರು ಸೋಕಬಾರದು ಅಂತ ಅಪ್ಪ. ಗೆದ್ದದ್ದು ಅಜ್ಜಿ; ಬಾವಿಕಟ್ಟೆಯಲ್ಲಿ ಜಾಲಿಸಿ, ಯಾರೂ ಮುಟ್ಟದಂತೆ ಗಳುವಿನ ಮೇಲೆ ಹರವಿದರು. ಅಕ್ಷರ ಕಲಿಯದ ಅಜ್ಜಿಯ ಕಡೆಗೇ ಸ್ಮೃತಿ ಇತ್ತೆಂದು ಆಮೇಲೆ ಓದಿದಾಗ ತಿಳಿಯಿತು. ದಶೆಯನ್ನು ಮಾತ್ರ ಇಬ್ಬರೂ ಕತ್ತರಿಸಗೊಡಲಿಲ್ಲ.

ಈಗಿನ ವಟುವಿಗೆ ಕಚ್ಚೆ ಹೊಲಿದಿಟ್ಟ, ವೆಲ್ಕ್ರೋ ಅಂಟಿಸಿದ, ಜೇಬೂ ಇರುವ ಪಂಚೆ! ಅದೂ ಪಾಲಿಯೆಸ್ಟರ್. ಹೋಮದ ಕಿಡಿ ಹಾರಿದರೆ ಕರಗಿ ಮೈಗೆ ಅಂಟುತ್ತದೆ. ಮಡಿಯ ಮಾತು ಬಿಡಿ, ಮಗುವಿನ ತೊಡೆಯ ಚಿಂತೆಯಾದರೂ ಬೇಡವೇ? 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಧೋತಿ, ಅಂಗವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ಆದರೆ ಕೇಳಿ ಕೊಳ್ಳುವವರು ಬೇಕಲ್ಲ. ಪುರೋಹಿತರಿಗೆ ನನ್ನದೊಂದು ವಿನಂತಿ: ಸಾಮಾನಿನ ಚೀಟಿಯಲ್ಲಿ ಜೋಡಿ ಪಂಚೆ ಎಂದು ಬರೆದು ಸುಮ್ಮನಾಗಬೇಡಿ, ಪಕ್ಕದಲ್ಲಿ 'ಹತ್ತಿಯದು, ಕೈಮಗ್ಗದ್ದು' ಎಂದೂ ಬರೆಯಿರಿ.

ಆಗಲೇ ಮಳಿಗೆಗಳನ್ನು ಒಂದು ಸುತ್ತು ಹಾಕಿದೆ. ಸೀರೆಗಳಿಗೆ ಲೆಕ್ಕವಿಲ್ಲ, ಪಂಚೆಗಳು ಕೊನೆಯ ಮೂಲೆಯಲ್ಲಿವೆ. "ಬಿಳಿ ಪಂಚೆಯಲ್ಲಿ ಕೂಲಿ ಗಿಟ್ಟಲ್ಲ ಸಾರ್" ಅಂದರು ನೇಕಾರರು. ದಯವಿಟ್ಟು ಮೊದಲು ಆ ಮೂಲೆಗೆ ಹೋಗಿ, ಅಲ್ಲಿ ಚೌಕಾಸಿ ಮಾಡಬೇಡಿ. ಪ್ರದರ್ಶನ ಉದ್ಘಾಟನೆಯಾಗಿದೆ.