ಅಸಲಿನ ಪ್ರಶ್ನೆ: ಅಮೆರಿಕದ ಗೃಹಸಾಲ ಬಿಕ್ಕಟ್ಟು ಮತ್ತು ಸರ್ಕಾರದ ಎರಡು ಉತ್ತರಗಳು

ಗೃಹಸಾಲವೆಂದರೆ ಕೊಳ್ಳುವ ಮನೆಯನ್ನೇ ಆಧಾರವಾಗಿಟ್ಟು ಪಡೆಯುವ ಸಾಲ. ಮನೆಯ ಬೆಲೆ ಬಾಕಿಗಿಂತ ಮೇಲಿರುವವರೆಗೆ, ಕಂತು ಕಟ್ಟಲಾಗದವನಿಗೂ ಮನೆ ಮಾರಿ ಋಣ ತೀರಿಸಿ ಹೊರನಡೆಯುವ ದಾರಿಯೊಂದು ಉಳಿದಿರುತ್ತದೆ. ಬೆಲೆ ಬಾಕಿಗಿಂತ ಕೆಳಗಿಳಿದ ದಿನ ಆ ದಾರಿ ಮುಚ್ಚುತ್ತದೆ. ಅಂಥ ಮನೆಯನ್ನು ಅಮೆರಿಕನ್ನರು ನೀರಿನಡಿ ಮುಳುಗಿದ ಮನೆ ಎನ್ನುತ್ತಾರೆ. 2006ರ ನಡುವಿನಲ್ಲಿ ಶಿಖರ ಮುಟ್ಟಿದ ಮನೆಬೆಲೆ 2012ರ ಆರಂಭದ ಹೊತ್ತಿಗೆ ಅಲ್ಲಿನ ದೊಡ್ಡ ನಗರಗಳಲ್ಲಿ ಸರಾಸರಿ ಮೂರರಲ್ಲೊಂದು ಪಾಲು ಕರಗಿತ್ತು. ಲಾಸ್ ವೇಗಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚೇ ಹೋಗಿತ್ತು. ಅಂದರೆ ಆ ಊರಿನಲ್ಲಿ 3 ಲಕ್ಷ ಡಾಲರಿಗೆ ಕೊಂಡ ಮನೆಗೆ ಒಂದೂವರೆ ಲಕ್ಷವೂ ಹುಟ್ಟದಿರುವಾಗ, ಅದರ ಮೇಲೆ 2.7 ಲಕ್ಷದ ಬಾಕಿ ಹೊತ್ತ ಕುಟುಂಬ, ಮನೆಯನ್ನು ಮಾರಿದರೂ ಲಕ್ಷಕ್ಕೂ ಮಿಕ್ಕಿದ ಸಾಲಕ್ಕೆ ಉತ್ತರ ಹೇಳಬೇಕಿತ್ತು.

ಕಷ್ಟ ಹೆಚ್ಚಾಗಿ ತಗುಲಿದ್ದು ಸಬ್‌ಪ್ರೈಮ್ ಸಾಲಗಾರರಿಗೆ, ಅಂದರೆ ಮರುಪಾವತಿಯ ದಾಖಲೆ ದುರ್ಬಲವಾಗಿದ್ದು ಹೆಚ್ಚು ಬಡ್ಡಿಗೆ ಸಾಲ ಪಡೆದವರಿಗೆ. ಮೊದಲ ಎರಡು ವರ್ಷ ಹಗುರವಾಗಿದ್ದು, ಉಳಿದ 28 ವರ್ಷ ಮಾರುಕಟ್ಟೆಯೊಂದಿಗೆ ಏರುವ ಬಡ್ಡಿಯ ಸಾಲಗಳು ಇವರಲ್ಲಿ ಬಹಳ ಜನರ ಪಾಲಿಗೆ ಬಂದಿದ್ದವು. ಸಾಲ ಕೊಟ್ಟವರು ಆ ಸಾಲಪತ್ರಗಳನ್ನು ಸಾವಿರಗಟ್ಟಲೆ ಒಟ್ಟುಗೂಡಿಸಿ ಹೂಡಿಕೆದಾರರಿಗೆ ಮಾರಿಬಿಟ್ಟಿದ್ದರಿಂದ, ಸಂಕಷ್ಟದಲ್ಲಿದ್ದವನು ಮಾತನಾಡಬೇಕಾದದ್ದು ಸಾಲದ ಒಡೆಯನೊಂದಿಗಲ್ಲ, ಕಂತು ವಸೂಲಿಯನ್ನಷ್ಟೇ ಗುತ್ತಿಗೆ ಹಿಡಿದ ಸರ್ವಿಸರ್ ಸಂಸ್ಥೆಯೊಂದಿಗೆ.

ಸರ್ಕಾರ ಮೊದಲು ಕೈಹಿಡಿದದ್ದು ಹಣಕಾಸು ಸಂಸ್ಥೆಗಳನ್ನು. 2008ರ ಸೆಪ್ಟೆಂಬರಿನಲ್ಲಿ ಫ್ಯಾನಿ ಮೇ ಮತ್ತು ಫ್ರೆಡಿ ಮ್ಯಾಕ್ ಎಂಬ ಗೃಹಸಾಲ ಖರೀದಿಯ ದೈತ್ಯ ಸಂಸ್ಥೆಗಳನ್ನು ಅದು ತನ್ನ ಹತೋಟಿಗೆ ತೆಗೆದುಕೊಂಡಿತು. ಅಕ್ಟೋಬರಿನಲ್ಲಿ 70,000 ಕೋಟಿ ಡಾಲರಿನ ನೆರವಿಗೆ ಕಾಂಗ್ರೆಸ್ ಒಪ್ಪಿತು. ಮನೆಯವರ ಸರದಿ ಬಂದದ್ದು 2009ರ ಫೆಬ್ರವರಿಯಲ್ಲಿ, ಅಧ್ಯಕ್ಷ ಒಬಾಮ ಅರಿಜೋನಾದ ಮೆಸಾದಲ್ಲಿ ಹೊಸ ಯೋಜನೆಯನ್ನು ಪ್ರಕಟಿಸಿದಾಗ. ಹ್ಯಾಂಪ್ ಎಂದು ಹೆಸರಾದ ಅದರ ಮುಖ್ಯ ಭಾಗ, ಮಾಸಿಕ ಕಂತನ್ನು ಆದಾಯದ ಶೇ. 31ಕ್ಕೆ ಇಳಿಸಿ 30ರಿಂದ 40 ಲಕ್ಷ ಕುಟುಂಬಗಳನ್ನು ಉಳಿಸುವ ಗುರಿ ಹೊಂದಿತ್ತು. ಆದರೆ ಅದು ಮೊದಲು ಬಡ್ಡಿಯನ್ನು ತಗ್ಗಿಸಿತು, ಆಮೇಲೆ ಅವಧಿಯನ್ನು ಹಿಗ್ಗಿಸಿತು. ಅಸಲಿನ ಕಡಿತವನ್ನು ಮಾತ್ರ ಕಡ್ಡಾಯ ಮಾಡಲಿಲ್ಲ. ಅರ್ಜಿಗಳ ವಿಲೇವಾರಿಯನ್ನೂ ಸರ್ವಿಸರ್‌ಗಳಿಗೇ ಬಿಟ್ಟುಕೊಟ್ಟದ್ದರಿಂದ, ಒಂದೇ ಸಂಬಳ ಚೀಟಿಯನ್ನು, ಅದೇ ತೆರಿಗೆ ಪತ್ರವನ್ನು ಜನ ಮತ್ತೆ ಮತ್ತೆ ಕಳಿಸಬೇಕಾಯಿತು. ಮೂರು ತಿಂಗಳ ಪ್ರಾಯೋಗಿಕ ಕಂತುಗಳನ್ನು ತಪ್ಪದೆ ಕಟ್ಟಿದವರ ಮನೆಗಳೂ ಕೆಲವೆಡೆ ಹರಾಜಿಗೆ ಬಂದವು. 2016ರ ಕೊನೆಗೆ ಯೋಜನೆ ಮುಗಿದಾಗ ಶಾಶ್ವತ ಬದಲಾವಣೆ ಪಡೆದವರ ಸಂಖ್ಯೆ 20 ಲಕ್ಷವನ್ನೂ ಮುಟ್ಟಿರಲಿಲ್ಲ.

ಇದಕ್ಕಿಂತ ಬೇರೆಯಾದ ದಾರಿಯನ್ನು ಅದೇ ದೇಶ 1933ರಲ್ಲಿ ಹಿಡಿದಿತ್ತೆಂಬುದನ್ನು ಮರೆಯಲಾಗದು. ಮಹಾ ಆರ್ಥಿಕ ಕುಸಿತದ ಆ ವರ್ಷ, ದಿನಕ್ಕೆ ಸುಮಾರು ಸಾವಿರ ಮನೆಗಳು ಸಾಲಗಾರರ ಕೈತಪ್ಪುತ್ತಿದ್ದಾಗ, ರೂಸ್‌ವೆಲ್ಟ್ ಸರ್ಕಾರ ಗೃಹಮಾಲೀಕರ ಸಾಲ ನಿಗಮವನ್ನು ಹುಟ್ಟುಹಾಕಿತು. ಅದು ಸಾಲದಾತರನ್ನು ಬೇಡುತ್ತ ಕೂರಲಿಲ್ಲ. ಬಾಂಡುಗಳನ್ನು ಕೊಟ್ಟು ಸಾಲಪತ್ರವನ್ನೇ ಕೊಂಡುಕೊಂಡಿತು, ಮೂರರಿಂದ ಐದು ವರ್ಷಕ್ಕೆ ಅಸಲನ್ನು ಇಡಿಯಾಗಿ ಕೇಳುತ್ತಿದ್ದ ಹಳೆಯ ಸಾಲವನ್ನು 15 ವರ್ಷಗಳ, ಅಸಲೂ ಬಡ್ಡಿಯೂ ಕೂಡಿ ತೀರುವ ಕಂತಿನ ಸಾಲವಾಗಿ ತಿರುಗಿಸಿತು. ಹೀಗೆ ಸುಮಾರು 10 ಲಕ್ಷ ಮನೆಗಳ ಸಾಲ ಅದರ ಕೈಗೆ ಬಂತು. ಸುಮಾರು 2 ಲಕ್ಷ ಮನೆಗಳನ್ನು ಅದೇ ಜಪ್ತಿ ಮಾಡಬೇಕಾಯಿತಾದರೂ, 1951ರಲ್ಲಿ ಲೆಕ್ಕ ಮುಗಿಸಿದಾಗ ನಷ್ಟ ಉಳಿಯಲಿಲ್ಲ. ಸಾಲದ ಅಪಾಯವನ್ನು ಗುರುತಿಸಲು ಈ ನಿಗಮ ಬರೆಸಿದ ನಕ್ಷೆಗಳು ಕಪ್ಪು ಜನರ ಬಡಾವಣೆಗಳಿಗೆ ಅಪಾಯದ ಕೆಂಪು ಬಣ್ಣ ಬಳಿದವು ಎಂಬ ಕಳಂಕವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಆ ಅನ್ಯಾಯ ಚಿಕ್ಕದಲ್ಲ.

ಅಸಲಿನ ಪ್ರಶ್ನೆ 2012ರ ಜುಲೈಯಲ್ಲಿ ಮತ್ತೊಮ್ಮೆ ಎದುರು ನಿಂತಿತು. ಫ್ಯಾನಿ, ಫ್ರೆಡಿಗಳ ಸಾಲಗಳಲ್ಲಿ ಅಸಲು ಕಡಿತ ಮಾಡಬೇಕೆಂಬ ಖಜಾನೆ ಇಲಾಖೆಯ ಒತ್ತಾಯವನ್ನು, ಅವುಗಳ ನಿಯಂತ್ರಕ ಎಡ್ವರ್ಡ್ ಡಿಮಾರ್ಕೊ ತೆರಿಗೆದಾರರ ಹಿತದ ಹೆಸರಿನಲ್ಲಿ ತಳ್ಳಿಹಾಕಿದರು. ಅಷ್ಟರಲ್ಲಿ ಬೆಲೆಗಳು ತಳ ಮುಟ್ಟಿ ಮೇಲೇಳತೊಡಗಿದ್ದವು. ಫೀನಿಕ್ಸ್‌ನಂಥ ನಗರಗಳಲ್ಲಿ ಜಪ್ತಿಯಾದ ಮನೆಗಳನ್ನು ದೊಡ್ಡ ಹೂಡಿಕೆ ಕಂಪನಿಗಳು ನಗದು ಕೊಟ್ಟು ಸಾಲುಸಾಲಾಗಿ ಕೊಂಡು ಬಾಡಿಗೆಗೆ ಬಿಟ್ಟವು. ಅಲ್ಲಿಂದ ಮುಂದೆ ಏರಿದ ಬೆಲೆಯ ಲಾಭ, ಆ ಮನೆಗಳಿಗೆ ವರ್ಷಗಟ್ಟಲೆ ಕಂತು ಕಟ್ಟಿದ್ದವರ ಪಾಲಿಗೆ ಬರಲಿಲ್ಲ.