ಪದವಿಗೆ ತೆರುವ ಬೆಲೆ



ಹನ್ನೆರಡನೇ ತರಗತಿಯ ಫಲಿತಾಂಶ ಬಂದಿತೆಂದರೆ ನಮ್ಮ ಊರುಗಳ ಜಗಲಿಯ ಮೇಲೆ ಒಂದೇ ಮಾತು: ಹೊಲ ಮಾರಿಯಾದರೂ ಮಕ್ಕಳನ್ನು ಕಾಲೇಜಿಗೆ ಕಳಿಸಬೇಕೇ? ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನೆಂದು ನನ್ನನ್ನೂ ಕೆಲವರು ಕೇಳುತ್ತಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಅಂದು ಆ ಕೆಲಸಕ್ಕೆ ಅಷ್ಟೇ ಸಾಕಾಗಿತ್ತು. ಇಂದು ಅದೇ ಕುರ್ಚಿಗೆ ಅರ್ಜಿ ಹಾಕಲು ಪದವಿ ಬೇಕು. ಆದ್ದರಿಂದ ಪದವಿ ದಂಡವೆಂದು ನಾನು ಹೇಳಲಾರೆ. ಯಾವ ಪದವಿ, ಎಷ್ಟು ಬೆಲೆಗೆ ಎಂಬುದೇ ಪ್ರಶ್ನೆ.

ಪೆನ್ನಾಗರದ ಕಡೆಯ ರೈತರೊಬ್ಬರು ಮಗನ ಇಂಜಿನಿಯರಿಂಗ್ ಓದಿಗೆ ಸಾಲ ಕೇಳಿ ಬಂದಿದ್ದರು. ಡೊನೇಷನ್ನಿಗೆಂದು ಆಗಲೇ ಒಂದು ಎಕರೆ ಮಾರಿದ್ದರು. "ಎಲ್ಲಿ ಹೆಬ್ಬೆಟ್ಟು ಒತ್ತಲಿ ಸಾಮಿ?" ಎಂದರು. ನಾನು ತೋರಿಸಿದೆ. ಲೆಕ್ಕವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದು ಹೇಳದ ಲೆಕ್ಕವನ್ನು ಇಂದು ಹೇಳುತ್ತೇನೆ. ಸಾಲ ನಾಲ್ಕು ಲಕ್ಷ, ವರ್ಷಕ್ಕೊಂದು ಲಕ್ಷದಂತೆ. ಓದು ಮುಗಿದು ಮತ್ತೊಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ನೂರಕ್ಕೆ ಹತ್ತರಂತೆ ಹಿಡಿಯಿರಿ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಬಡ್ಡಿ. ಒಟ್ಟು 1,40,000 ರೂಪಾಯಿ. ಕಂತು ಆರಂಭವಾಗುವ ದಿನ ಬಾಕಿ 5,40,000. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 7,100 ರೂಪಾಯಿಗೂ ಮೇಲೆ ಕಟ್ಟಬೇಕು. ಮಗ ಕಟ್ಟದಿದ್ದರೆ ತಂದೆಯೂ ಹೊಣೆ, ಏಕೆಂದರೆ ಅವರೂ ಸಹಸಾಲಗಾರರು.

ಆ ಹುಡುಗನಿಗೆ ಹಲವು ವಿಷಯಗಳು ಬಾಕಿ ಉಳಿದವು. ಈಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಪಕ್ಕದಲ್ಲಿ ನಿಲ್ಲುವವನು ಐ.ಟಿ.ಐ. ಓದಿದವನು. ಇಬ್ಬರಿಗೂ ಸಂಬಳ ಒಂದೇ. ಮಾರಿದ ಎಕರೆ ಮಾತ್ರ ಹಿಂದಿರುಗಲಿಲ್ಲ.

ನನ್ನ ತಂಗಿಯ ಮಗಳು ಧರ್ಮಪುರಿಯ ಸರ್ಕಾರಿ ಕಲಾ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದಳು. ಸಾಲ ಮಾಡಲಿಲ್ಲ. ಮೂರನೆಯ ಸಲ ಪರೀಕ್ಷೆ ಕಟ್ಟಿ ಬ್ಯಾಂಕಿಗೆ ಸೇರಿದಳು. ಆ ಪರೀಕ್ಷೆ ರಾಜ್ಯದ ಭಾಷೆಯನ್ನು ಓದಲು, ಬರೆಯಲು ಬರಬೇಕೆಂದು ಕೇಳುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮ್ಮ ಮಕ್ಕಳು ಎರಡನ್ನೂ ಬರೆಯಲು ಕಲಿತರೆ ಎರಡು ರಾಜ್ಯಗಳ ಬಾಗಿಲು ತಟ್ಟಬಹುದು. ಆ ಕಲಿಕೆಗೆ ಸಾಲ ಬೇಕಿಲ್ಲ.

ಸರ್ಕಾರದ ನೆರವನ್ನೂ ವಿಚಾರಿಸಿರಿ. ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ 2022ರಲ್ಲಿ 'ಪುದುಮೈ ಪೆಣ್' ಯೋಜನೆ ಬಂದಿತು, ತಿಂಗಳಿಗೆ 1,000 ರೂಪಾಯಿ. ಗಂಡುಮಕ್ಕಳಿಗೆ 2024ರಲ್ಲಿ 'ತಮಿಳ್ ಪುದಲ್ವನ್' ಬಂದಿತು. ಇಂಜಿನಿಯರಿಂಗ್ ಮುಂತಾದ ಓದಿಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ನೂರಕ್ಕೆ ಏಳೂವರೆ ಸೀಟು ಮೀಸಲೆಂದು 2021ರಲ್ಲಿ ಆಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಓದಿಸಬೇಡಿ ಎಂದು ಅದರ ಅರ್ಥವಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಎದುರಿಗೆ ಕುಳಿತ ಗುಮಾಸ್ತನನ್ನು ಕೇಳಿರಿ: "ಸಾಮಿ, ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು?" ಅವನು ಕಾಗದದ ಮೇಲೆ ಬರೆದು ಕೊಡುವವರೆಗೆ ಏಳಬೇಡಿ.