ಮೊದಲು ಜೀವ, ಆಮೇಲೆ ವಿಡಿಯೋ



ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ರಸ್ತೆಗಳಲ್ಲಿ ರಾತ್ರಿ ಬೈಕ್ ಓಡಿಸಿದವರಿಗೆ ಈ ದೃಶ್ಯ ಹೊಸದಲ್ಲ. ಮುಂದೆ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಒಬ್ಬ ಗುದ್ದಿ ಬೀಳ್ತಾನೆ. ಹತ್ತು ಜನ ಸೇರ್ತಾರೆ. ಒಬ್ಬ ಮೊಬೈಲ್ ತೆಗೀತಾನೆ. ಇನ್ನೊಬ್ಬ ಹೇಳ್ತಾನೆ: "ಮುಟ್ಟಬ್ಯಾಡ್ರಿ, ಪೊಲೀಸರು ಬರ್ಲಿ. ನಾಳೆ ಕೋರ್ಟಿಗೆ ಯಾರು ಅಡ್ಡಾಡ್ತಾರ?"

ಇವರೇನು ಕಲ್ಲು ಹೃದಯದವರಾ? ಖಂಡಿತ ಅಲ್ಲ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಕೃಷ್ಣೆ, ದೂಧಗಂಗಾ, ವೇದಗಂಗಾ ಒಟ್ಟಿಗೆ ಉಕ್ಕಿದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯೇ ಬಂದ್ ಆಯಿತು. ಆಗ ಇದೇ ಜನ ಆದೇಶಕ್ಕೆ ಕಾಯಲಿಲ್ಲ. ಗುರುತಿಲ್ಲದವರಿಗೂ ರೊಟ್ಟಿ ಕೊಟ್ಟರು, ಮಲಗಲು ಜಾಗ ಕೊಟ್ಟರು. ನೀವು ಕನ್ನಡದವರಾ, ಮರಾಠಿಯವರಾ ಅಂತ ಕೇಳಲಿಲ್ಲ.

ಹಾಗಾದರೆ ರಸ್ತೆಯಲ್ಲಿ ಬಿದ್ದವನ ಮುಂದೆ ಕೈ ಯಾಕೆ ಹಿಂದೆ ಸರಿಯುತ್ತೆ? ಒಂದೇ ಕಾರಣ: ಸ್ಟೇಷನ್ ಭಯ.

2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೊರಟಿದ್ದ 18 ವರ್ಷದ ಹುಡುಗನಿಗೆ ಬಸ್ ಡಿಕ್ಕಿ ಹೊಡೆಯಿತು. ರಕ್ತದ ಮಡುವಿನಲ್ಲಿ ಬಿದ್ದು ಕೈಚಾಚಿ ಬೇಡಿದ. ಸುತ್ತ ನಿಂತವರು ಫೋಟೋ, ವಿಡಿಯೋ ತೆಗೆದರು. ಹುಡುಗ ಉಳಿಯಲಿಲ್ಲ. ಆ ವಿಡಿಯೋವನ್ನು ಟಿವಿಯವರು ಏನು ಮಾಡಿದೆವು? ಮತ್ತೆ ಮತ್ತೆ ತೋರಿಸಿದೆವು. "ನಿಮ್ಮ ಹತ್ತಿರ ವಿಡಿಯೋ ಇದ್ದರೆ ನಮಗೆ ಕಳಿಸಿ" ಅಂತ ಇದೇ ಸ್ಟುಡಿಯೋದಲ್ಲಿ ಕೂತು ನಾನೇ ಎಷ್ಟು ಸಲ ಹೇಳಿದ್ದೇನೆ! ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈಗ ಕಾನೂನು ಕೇಳಿ. ನೆರವಾದವರ ರಕ್ಷಣೆಗೆ ಕರ್ನಾಟಕ ತನ್ನದೇ ಕಾಯ್ದೆ ತಂದಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಸೆಕ್ಷನ್ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ನೀವು ಹೆಸರು, ವಿಳಾಸ ಕೊಡಲೇಬೇಕು ಅಂತಿಲ್ಲ. ಸಾಕ್ಷಿ ಹೇಳುವುದೂ ನಿಮ್ಮ ಇಷ್ಟ. ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿ ಜೀವ ಉಳಿಸಿದವರಿಗೆ ಕೇಂದ್ರ ಕೊಡುವ ಬಹುಮಾನ 2021ರಲ್ಲಿ 5,000 ರೂಪಾಯಿ ಇತ್ತು. 2025ರಲ್ಲಿ 25,000 ಆಯಿತು.

ಪೊಲೀಸರು ಬೇಡ ಅಂತ ನಾನು ಹೇಳ್ತಿಲ್ಲ. 112ಕ್ಕೂ ಕರೆ ಮಾಡಿ, 108ಕ್ಕೂ ಮಾಡಿ. ಆದರೆ ಅವರು ಬರುವವರೆಗೆ ರಕ್ತ ಕಾಯುತ್ತಾ? ಹೆಗಲ ಮೇಲಿನ ಟವೆಲ್ ತೆಗೆದು ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕತ್ತು, ಬೆನ್ನಿಗೆ ಪೆಟ್ಟಾಗಿದ್ದರೆ ಎಳೆದಾಡಬೇಡಿ. ಆಂಬುಲೆನ್ಸ್ ತಡವಾದರೆ ಸಿಕ್ಕ ಗಾಡಿ ನಿಲ್ಲಿಸಿ, ಹತ್ತಿರದ ಆಸ್ಪತ್ರೆಗೆ ಸಾಗಿಸಿ. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ್ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಜೀವಕ್ಕೆ ಗಡಿ ಇಲ್ಲ.

ಬಿದ್ದವನನ್ನು ಎತ್ತದೆ ತೆಗೆದ ವಿಡಿಯೋ ಇನ್ನು ನನ್ನ ಕಾರ್ಯಕ್ರಮದಲ್ಲಿ ಬರಲ್ಲ. ಇದು ನನ್ನ ಮಾತು. ನಿಮ್ಮ ಮಾತು ಏನು? ಇವತ್ತು ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ ಬಿದ್ದವನಿಗೆ ನೀವು ಅಪರಿಚಿತರು. ನಾಳೆ ನಿಮ್ಮ ಮಗ ಬಿದ್ದಾಗ ಅಲ್ಲಿ ನಿಂತವರೂ ಅಪರಿಚಿತರೇ.

ಯೋಚನೆ ಮಾಡಿ.